ಯಶೋಧರಾ ಬಿಟ್ಟು ನೂರಕ್ಕೆ ನೂರು

ಮಧುಗಿರಿ ಜಿಲ್ಲೆಯಲ್ಲ. ಬಸ್ಸಿನವರಿಗೆ, ಆಸ್ಪತ್ರೆಯವರಿಗೆ, ಪೊಲೀಸರಿಗೆ ಅದು ತಾಲ್ಲೂಕು. ಶಿಕ್ಷಣ ಇಲಾಖೆಯ ಕಣ್ಣಿಗೆ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ ನಾವು ಜಿಲ್ಲೆಯವರಾಗಿ ಎದ್ದು, ನಮ್ಮದು ಎಷ್ಟನೆಯ ಸ್ಥಾನ ಎಂದು ನೋಡಿ, ಸಂಜೆಗೆ ಮತ್ತೆ ತಾಲ್ಲೂಕಾಗಿ ಮಲಗುತ್ತೇವೆ. ಆ ಒಂದು ಬೆಳಗಿಗಾಗಿ ನಮ್ಮ ಹೆಡ್‌ಮಾಸ್ಟರುಗಳ ತಲೆಯ ಮೇಲೆ ಹೊರಿಸಿರುವ ಭಾರವನ್ನು ಮಧುಗಿರಿ ಬೆಟ್ಟದ ಮೇಲೆ ಇಟ್ಟರೆ, ಆ ಏಕಶಿಲೆ ಮಾರನೆಯ ದಿನವೇ ಜಲ್ಲಿಯಾಗಿ ಲಾರಿ ಹತ್ತುತ್ತದೆ.

ಈ ನಾಲ್ಕು ತಾಲ್ಲೂಕಿನ ಶಾಲೆಗಳ ಗೋಡೆ ಬರೆಯುವವನು ನಮ್ಮ ಕದಿರಯ್ಯ. ಅವನು ಎಳೆದ ಗೆರೆಯ ಮೇಲೆ ಇರುವೆಗಳು ಸಾಲು ತಪ್ಪದೆ ನಡೆಯುತ್ತವೆ. ಶಿರಾ ಕಡೆಯ ಒಂದು ಶಾಲೆಯಲ್ಲಿ ಅವನು ಬಿಡಿಸಿದ ಮಾವಿನ ಹಣ್ಣನ್ನು ಕುಕ್ಕಿ ಕೊಕ್ಕು ಮುರಿದುಕೊಂಡ ಗಿಳಿಗಳಿಗಾಗಿ ದನದ ಡಾಕ್ಟರು ಎರಡು ದಿನ ಕ್ಯಾಂಪು ಹಾಕಿದ್ದರು. ಪಾವಗಡದ ಕಡೆ ‘ನೀರು ಉಳಿಸಿ’ ಎಂದು ಬರೆದು ಪಕ್ಕದಲ್ಲೊಂದು ನಲ್ಲಿ ಬಿಡಿಸಿದ್ದಕ್ಕೆ ಊರ ಹೆಂಗಸರು ಕೊಡ ಸಾಲಿಟ್ಟು ಕಾದರು. ಕೊನೆಗೆ, ‘ನಿಜವಾದ ನಲ್ಲಿಗಿಂತ ಇದೇ ವಾಸಿ, ನೋಡೋಕಾದ್ರೂ ನೀರೈತೆ’ ಎಂದು ಎದ್ದುಹೋದರು.

ಒಂದು ಕಾಲದಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಚುನಾವಣೆ ಗೋಡೆ ಎಲ್ಲವೂ ಅವನದೇ. ಫ್ಲೆಕ್ಸ್ ಬಂದು ಅದನ್ನೆಲ್ಲ ನುಂಗಿತು. ಉಳಿದದ್ದು ಸರ್ಕಾರಿ ಶಾಲೆಗಳ ಗೋಡೆ. ಹೀಗಾಗಿ ಯಾವ ಊರಿನ ಶಾಲೆ ಹೇಗಿದೆ ಎಂದು ಯಾರು ಕೇಳಿದರೂ ಕದಿರಯ್ಯನ ಬಳಿ ಉತ್ತರ ಸಿದ್ಧವಿರುತ್ತಿತ್ತು.

“ಗ್ವಾಡೆ ನೋಡುದ್ರೆ ಗೊತ್ತಾಯ್ತದೆ ಕಣಣ್ಣ. ಸುಣ್ಣ ಉದುರೈತಾ, ಹೆಡ್ಮಾಸ್ಟ್ರು ಹತ್ಗಂಟೆ ಬಸ್ಸಿಗೆ ಬಂದು ಮೂರ್ಗಂಟೆ ಬಸ್ಸಿಗೆ ಹೋಗೋನು ಅಂತ್ಲೇ ಲೆಕ್ಕ. ಗ್ವಾಡೆ ಚೆನ್ನಾಗಿದ್ರೆ ಒಳಗೂ ಚೆನ್ನಾಗೇ ಇರ್ತದೆ.”

ಈ ಶಾಸ್ತ್ರದ ಪ್ರಕಾರವೇ ಅವನು ತನ್ನ ಒಬ್ಬಳೇ ಮಗಳು ಯಶೋಧರಾಳನ್ನು ನಮ್ಮೂರ ಸರ್ಕಾರಿ ಪ್ರೌಢಶಾಲೆಗೆ ಸೇರಿಸಿದ. ಊರಿನ ಹೆಸರು ಬೇಡ. ದೊಡ್ಡೇರಿಗೂ ಬಡವನಹಳ್ಳಿಗೂ ನಡುವೆ ಎಲ್ಲೋ ಇದೆ ಎಂದುಕೊಳ್ಳಿ, ಹುಡುಕಿದರೆ ಸಿಗುವುದಿಲ್ಲ. ಆ ಶಾಲೆಯ ಗೋಡೆ ಹೊಳೆಯುತ್ತಿತ್ತು, ಯಾಕೆಂದರೆ ಬರೆದವನು ಅವನೇ. ಹೆಂಡತಿ ದೊಡ್ಡಕ್ಕ ಆಗಲೇ ಕೇಳಿದ್ದಳು: “ಗ್ವಾಡೆ ಬಂದು ಪಾಠ ಹೇಳ್ಕೊಡ್ತದಾ?”

ಗೋಡೆಯೇ ಹೇಳಿಕೊಡಬೇಕಾಗಿತ್ತು. ಗಣಿತದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಅವರ ಕುರ್ಚಿಯಲ್ಲಿ ಕೋಳಿ ಕಾವಿಗೆ ಕೂತು, ಮರಿ ಮಾಡಿ, ಮೊಮ್ಮಕ್ಕಳನ್ನೂ ಕಂಡಿತು. ಬದಲಿ ಬರಲಿಲ್ಲ. ಯಶೋಧರಾ ಹತ್ತನೆಯ ತರಗತಿಯ ಅರ್ಧಕ್ಕೆ ಬಂದಾಗ ಲೋಹಿತಾ ಎಂಬ ಅತಿಥಿ ಶಿಕ್ಷಕಿ ಬಂದಳು. ಪಾಪ, ಮೂರು ವರ್ಷದ ಲೆಕ್ಕವನ್ನು ನಾಲ್ಕು ತಿಂಗಳಲ್ಲಿ ರುಬ್ಬಿ ಕುಡಿಸಲು ಹೊರಟಳು. ಉಳಿದ ಮಕ್ಕಳು ಮನೆಪಾಠಕ್ಕೆ ಹೋಗಿ ಅಷ್ಟಿಷ್ಟು ಕಲಿತಿದ್ದರು. ಯಶೋಧರಾಗೆ ಲೋಹಿತಾ ಮಿಸ್ಸೇ ಮೊದಲು, ಅವಳೇ ಕೊನೆ. ಆದರೂ ಹುಡುಗಿ ಹಟಗಾತಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತ ಒಂದರಲ್ಲಿ ಪಾಸಿಗೆ ಸ್ವಲ್ಪ ಕಡಿಮೆ ಬಂತು. “ಇನ್ನೊಂದು ತಿಂಗಳಿದೆ, ದಾಟ್ತಾಳೆ” ಎಂದಳು ಲೋಹಿತಾ.

ಅಷ್ಟು ಹೊತ್ತಿಗೆ ಊರಿಗೆ ಹಳದಿ ಬಸ್ಸು ಬರತೊಡಗಿತ್ತು. ಹೋಬಳಿಯ ಖಾಸಗಿ ಶಾಲೆಯೊಂದು ‘ಶೇಕಡ ನೂರು’ ಎಂದು ಫ್ಲೆಕ್ಸ್ ಕಟ್ಟಿತ್ತು. ಆ ಫ್ಲೆಕ್ಸಿನ ನೆರಳಿನಲ್ಲಿ ಒಂದು ಮದುವೆ ಊಟ ಬಡಿಸಬಹುದಿತ್ತು. ನಮ್ಮ ಜನಕ್ಕೆ ಶಾಲೆ ಅಳೆಯುವ ಕೋಲು ಅದೊಂದೇ: ಯಾರ ನೂರು ದೊಡ್ಡದು. ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಪ್ರಭುದೇವ್ ಕದಿರಯ್ಯನನ್ನು ಕರೆಸಿ, ಕಾಂಪೌಂಡಿನ ಮೇಲೆ ಗೇಟಿನ ಪಕ್ಕದ ಎರಡು ಕಂಬಗಳ ನಡುವೆ ಆಳೆತ್ತರ ಬರೆಸಿದರು: ‘ನಮ್ಮ ಗುರಿ ಶೇ. 100’. ಆ ಸೊನ್ನೆಗಳು ಎಷ್ಟು ದುಂಡಗಿದ್ದವೆಂದರೆ ಎತ್ತಿನ ಗಾಡಿಯವರು ನಿಲ್ಲಿಸಿ, ಚಕ್ರಕ್ಕೆ ಆಗುತ್ತವೇನೋ ಎಂದು ಅಳತೆ ನೋಡಿದರು.

ಪರೀಕ್ಷೆಗೆ ಮೂರು ವಾರವಿರುವಾಗ ಪ್ರಭುದೇವ್ ಮತ್ತೆ ಕರೆಸಿದರು.

“ಬನ್ನಿ ಕದಿರಯ್ಯನೋರೆ, ಕೂತ್ಕೊಳಿ.”

ಅದುವರೆಗೆ ಅವನು ಬರೀ ಕದಿರಯ್ಯ. ಆ ‘ನೋರೆ’ ಕೇಳಿದ ಕೂಡಲೇ ಕೂರಲೋ ಓಡಲೋ ಎನಿಸಿತಂತೆ. ಆದರೂ ಕೂತ.

“ಇಡೀ ಕ್ಲಾಸು ದಡ ಸೇರುತ್ತೆ. ನಿಮ್ಮ ಹುಡುಗಿದೊಂದೇ ಅನುಮಾನ.”

“ಲೋಹಿತಾ ಮೇಡಮ್ಮು ಪಾಸಾಯ್ತಾಳೆ ಅಂದ್ರಲ್ಲ ಸಾ?”

“ಆಗಬಹುದು. ಆಗದೇನೂ ಇರಬಹುದು. ಹೋದ ವರ್ಷದ ರಿಸಲ್ಟಿಗೆ ಮೀಟಿಂಗಲ್ಲಿ ನನ್ನ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದ್ರು. ಐವತ್ತೇಳು ವರ್ಷ ನನಗೆ. ಕೊನೇ ಬೆಂಚಿನ ಹುಡುಗನ ಥರ ನಿಂತಿದ್ದೆ.” ಪ್ರಭುದೇವ್ ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಒದ್ದೆಯಾಗಿರಲಿಲ್ಲ, ಕಣ್ಣು ಆಗಿತ್ತು.

“ನಾನೇನ್ ಮಾಡ್ಲಿ ಸಾ?”

“ಅವಳಿಗೆ ಜ್ವರ ಬರಬೇಕು.”

“ಹೆಂಗೆ?”

“ಮೊದಲನೇ ಪರೀಕ್ಷೆ ಹೊತ್ತಿಗೆ ಜ್ವರ ಬರಲಿ. ಬರೆಯದೇ ಇರೋರು ಲೆಕ್ಕಕ್ಕೆ ಬರಲ್ಲ. ಎರಡನೇ ಪರೀಕ್ಷೆ ಇದೆಯಲ್ಲ, ಅದರಲ್ಲಿ ಬರೀಲಿ. ಹೆಸರು ನಾನೇ ಕಳಿಸ್ತೀನಿ, ನನ್ನ ಮಾತು. ಇದು ಫೇಲಲ್ಲ, ಮುಂದೂಡಿಕೆ.”

ಕದಿರಯ್ಯ ಒಪ್ಪಿದ. ಅಷ್ಟು ಓದಿದ ಮನುಷ್ಯ ತನ್ನೆದುರು ಕಣ್ಣು ಒದ್ದೆ ಮಾಡಿಕೊಂಡನಲ್ಲ ಎಂಬುದು ಒಂದು. ಗೋಡೆಯ ಮೇಲಿನ ಆ ದುಂಡು ಸೊನ್ನೆಗಳನ್ನು ಅಳಿಸಿ ತೊಂಬತ್ತೇಳು ಎಂದು ಬರೆಯಬೇಕಾದೀತಲ್ಲ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ತೂಗಿತೋ ಅವನಿಗೂ ತಿಳಿಯದು.

“ನಾನ್ ಪಾಸಾಯ್ತೀನಿ ಕಣಪ್ಪ,” ಎಂದಳು ಯಶೋಧರಾ. “ಪ್ರಮೇಯ ಎಲ್ಲ ಬಾಯಿಪಾಠ ಆಗವೆ. ಬೇಕಾದ್ರೆ ಕೇಳು.”

“ಎರಡ್ನೇ ಸಲ ಬರೀತೀಯಲ್ಲವ್ವ. ಇಸ್ಕೂಲಿನ ಮರ್ಯಾದೆ.”

“ಇಸ್ಕೂಲಿಗೆ ಮರ್ಯಾದೆ, ನನ್ ಮಗ್ಳಿಗೆ ಕಂಬ್ಳಿ,” ಎಂದಳು ದೊಡ್ಡಕ್ಕ.

ಹಾಗೇ ಆಯಿತು. ಮಾರ್ಚಿನ ಬಿಸಿಲು, ನಮ್ಮ ಕಡೆ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುವ ಕಾಲ. ಅಕ್ಕಪಕ್ಕದವರು ನೋಡಲು ಬರುತ್ತಾರೆಂದು ಹುಡುಗಿಯನ್ನು ಕಂಬಳಿ ಹೊದಿಸಿ ಮಲಗಿಸಿದರು. ಒಬ್ಬರು ನಿಂಬೆಹಣ್ಣು ತಂದರು, ಒಬ್ಬರು ದೃಷ್ಟಿ ತೆಗೆದರು. ಗೆಳತಿಯರು ಹಾಲ್ ಟಿಕೆಟ್ ಹಿಡಿದು ಮನೆ ಮುಂದೆಯೇ ಹಾದುಹೋದರು. ಮೂರನೆಯ ದಿನಕ್ಕೆ ಸೆಕೆಯೋ ಸಂಕಟವೋ, ನಿಜವಾದ ಜ್ವರವೇ ಬಂತು. ಆ ಶಾಲೆ ಕೊಟ್ಟ ಮನೆಗೆಲಸವನ್ನು ಇಷ್ಟು ಚಾಚೂ ತಪ್ಪದೆ ಮಾಡಿದ ವಿದ್ಯಾರ್ಥಿ ಅದಕ್ಕೆ ಮೊದಲು ಇರಲಿಲ್ಲ.

ಫಲಿತಾಂಶ ಬಂತು. ನೂರಕ್ಕೆ ನೂರು. ಪ್ರಭುದೇವ್ ಪೇಡ ಹಂಚಿದರು. ‘ಗುರಿ’ ಅಳಿಸಿ ‘ಸಾಧನೆ’ ಬರೆಯಲು ಕದಿರಯ್ಯನಿಗೆ ಕರೆ ಹೋಯಿತು. ಅವನು ಬಣ್ಣದ ಡಬ್ಬಿಯೊಂದಿಗೆ ಬಂದಾಗ ಗೇಟಿನ ಬಳಿ ಮೈಕು ಹಚ್ಚಿ, ಹತ್ತನೆಯ ತರಗತಿಯ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಕೂಗಿದವರಿಗೆಲ್ಲ ಚಪ್ಪಾಳೆ. ಕದಿರಯ್ಯ ಏಣಿಯ ಮೇಲೆ ನಿಂತು ‘ಸಾಧನೆ’ಯ ‘ನೆ’ ತಿದ್ದುತ್ತ ಕೊನೆಯ ಹೆಸರಿನವರೆಗೂ ಕೇಳಿದ. ತನ್ನ ಮಗಳದ್ದು ಬರುವುದಿಲ್ಲ ಎಂದು ಗೊತ್ತಿದ್ದೇ ಕೇಳಿದ.

“ತಗೋ ಕದಿರಯ್ಯ, ಮಗಳಿಗೂ ಕೊಡು,” ಎಂದು ಪ್ರಭುದೇವ್ ಪೇಡ ಚಾಚಿದರು. ‘ನೋರೆ’ ಫಲಿತಾಂಶದ ಜೊತೆಗೇ ಹೋಗಿತ್ತು.

ಕದಿರಯ್ಯ ಪೇಡ ತೆಗೆದುಕೊಳ್ಳಲಿಲ್ಲ. ಕೈಯಲ್ಲಿ ಬ್ರಷ್ ಇತ್ತು. ಜನ ಚದುರಿದ ಮೇಲೆ ಕೆಂಪು ಬಣ್ಣದಲ್ಲಿ ನೂರರ ಕೆಳಗೆ ಮೊಳದುದ್ದದ ಅಕ್ಷರಗಳಲ್ಲಿ ಬರೆದ: ‘ಯಶೋಧರಾ ಬಿಟ್ಟು’.

ಬರೆಯಬೇಕೆಂದದ್ದು ‘ಯಶೋಧರಾಳನ್ನು ಬಿಟ್ಟು’ ಎಂದು. ಅಳತೆ ಹಾಕಿದಾಗ ಕಂಬ ಅಡ್ಡ ಬಂತು. ಅಕ್ಷರ ಚಿಕ್ಕದು ಮಾಡಿದರೆ ಮೇಲಿನ ಸಾಲಿಗೆ ಹೊಂದುವುದಿಲ್ಲ. ಮೂವತ್ತು ವರ್ಷದ ಕೈ; ಹೊಂದದ ಅಕ್ಷರ ಬರೆಯಲು ಒಪ್ಪಲಿಲ್ಲ. ‘ಳನ್ನು’ ಕೈಬಿಟ್ಟ. ಓದುವವರಿಗೆ ಅರ್ಥವಾಗುತ್ತದೆ ಬಿಡು ಎಂದುಕೊಂಡ.

ಅರ್ಥವಾಗದೆ ಏನು! ಆ ಗೋಡೆಯ ಫೋಟೊ ಮಧುಗಿರಿ ಮುಟ್ಟುವ ಮೊದಲೇ ದುಬೈಗೆ ಹೋಗಿ ವಾಪಸು ಬಂತು. ಮಾರನೆಯ ದಿನ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಗೋಡೆಯ ಮುಂದೆ ನಿಂತರು. ಪಕ್ಕದಲ್ಲಿ ಪ್ರಭುದೇವ್, ಬೆವರಿ ತೊಪ್ಪೆಯಾಗಿದ್ದರು. ಸುತ್ತ ಅರ್ಧ ಊರು. ಕದಿರಯ್ಯ ಎದೆಯುಬ್ಬಿಸಿಕೊಂಡೇ ನಿಂತಿದ್ದ.

“ಏನ್ರೀ ಇದು? ಒಂದು ಮಗೂನ ಪರೀಕ್ಷೆಯಿಂದ ಹೊರಗಿಟ್ಟಿದ್ದೀರಾ?”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ; ಪ್ರಭುದೇವರಿಗೆ ವ್ಯಾಕರಣ ಸಿಕ್ಕಿತು. ಅವರು ಮೂಲತಃ ಕನ್ನಡ ಮೇಷ್ಟ್ರು.

“ಸಾರ್, ಸರಿಯಾಗಿ ಓದಿ. ‘ಯಶೋಧರಾ ಬಿಟ್ಟು’. ಯಶೋಧರಾ ಕರ್ತೃ. ಬಿಟ್ಟದ್ದು ಅವಳು. ಅವಳಪ್ಪನೇ ಬರೆದಿದ್ದಾನೆ.”

“ಅಂಗಲ್ಲ ಸಾ! ಯಶೋಧರಾಳನ್ನು ಬುಟ್ಟು ಅಂತ.”

“ಎಲ್ಲಯ್ಯ ‘ಳನ್ನು’?”

“ಅಲ್ಲಿ ಕಂಬ ಬಂತು ಸಾ.”

ಸಾಹೇಬರು ನಕ್ಕರು. ಸಾಹೇಬರು ನಕ್ಕರೆಂದು ಊರು ನಕ್ಕಿತು. ಲೋಹಿತಾ ಒಬ್ಬಳು “ಸಾರ್, ಆ ಹುಡುಗಿ...” ಎಂದು ಬಾಯಿ ತೆರೆದಳು, ಅತಿಥಿ ಶಿಕ್ಷಕಿಯ ಮಾತು ಅತಿಥಿಯದ್ದೇ, ಯಾರೂ ಕೂತು ಕೇಳಲಿಲ್ಲ. ಶಾಲೆ ಬಿಟ್ಟ ಮಗು ಎಂದು ಬರೆದುಕೊಂಡು ಜೀಪು ಹೋಯಿತು. ಸಂಜೆಯೊಳಗೆ ಗೋಡೆಗೆ ಸುಣ್ಣ.

ಹಾಗೆಂದು ಹೇಳಿದ ಬಾಯಲ್ಲಿ ಪ್ರಭುದೇವ್ ಎರಡನೆಯ ಪರೀಕ್ಷೆಗೆ ಅವಳ ಹೆಸರು ಕಳಿಸುವುದಾದರೂ ಹೇಗೆ? ಕದಿರಯ್ಯ ಕೊಟ್ಟ ಮಾತು ನೆನಪಿಸಿದ, ಅಂಗಲಾಚಿದ. “ನೀನೇ ಬಾಗಿಲು ಹಾಕ್ಕೊಂಡೆಯಲ್ಲಯ್ಯ. ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸು,” ಎಂದರು. ಈ ಸಲ ಕನ್ನಡಕ ಒರೆಸಲಿಲ್ಲ.

ಸುಣ್ಣ ಗೋಡೆಗೆ ಹಚ್ಚಬಹುದು, ಊರಿನ ಬಾಯಿಗೆ ಹಚ್ಚುವುದು ಹೇಗೆ? ಹುಡುಗರು ಅವಳಿಗೆ ‘ಬುಟ್ಟು ಯಶೋಧರ’ ಎಂದು ಹೆಸರಿಟ್ಟರು. ಅಂಗಡಿಗೆ ಉಪ್ಪು ತರಲು ಹೋದರೆ, “ನೂರರಲ್ಲಿ ಬುಟ್ಟೋಳು ನೀನೇನಮ್ಮ?” ಎಂದು ಅನುಕಂಪದಿಂದಲೇ ಕೇಳಿದರು. ಕದಿರಯ್ಯ ಬುದ್ಧನ ಪಟದ ಕೆಳಗೆ ಕೂತು ಆಸೆಯಿಂದ ಇಟ್ಟ ಹೆಸರು ಅದು. ಅಂದಿನ ಯಶೋಧರೆಯನ್ನು ಬಿಟ್ಟವನಾದರೂ ಜ್ಞಾನ ಹುಡುಕಿಕೊಂಡು ಹೋದ. ಇವಳನ್ನು ಬಿಟ್ಟದ್ದು ಜ್ಞಾನ ಕೊಡುತ್ತೇನೆಂದು ಕೂತ ಶಾಲೆ.

“ಮಗ್ಳ ಹೆಸ್ರ ಲಗ್ನಪತ್ರಿಕೇಲಿ ಬರ್ಸೋದ್ ಬುಟ್ಟು ಕಾಂಪೌಂಡ್ ಮ್ಯಾಲೆ ಬರ್ದ್ಯಲ್ಲ!” ಎಂದು ದೊಡ್ಡಕ್ಕ ಗಂಡನೊಂದಿಗೆ ಮಾತು ಬಿಟ್ಟಳು. ಯಶೋಧರಾ ಒಂದು ಬೆಳಿಗ್ಗೆ ಪಾವಗಡದ ಬಸ್ಸು ಹತ್ತಿ ರಾಯಚರ್ಲಿನ ಸೋದರತ್ತೆ ಮುನಿಯಮ್ಮನ ಮನೆಗೆ ಹೋದಳು.

ರಾಯಚರ್ಲಿನ ಸುತ್ತ ಈಗ ಭೂಮಿ ಕಾಣುವುದಿಲ್ಲ, ಸೋಲಾರ್ ಗಾಜೇ. ಅಲ್ಲಿ ಸೂರ್ಯನೂ ಗೇಟಿನಲ್ಲಿ ಸಹಿ ಹಾಕಿ ಒಳಗೆ ಬರಬೇಕು. ಮುನಿಯಮ್ಮ ಆ ಗಾಜು ತೊಳೆಯುವ ಕೆಲಸದವಳು. ಸೋದರಸೊಸೆಗೆ ಹದಿನೆಂಟು ತುಂಬಿದೆ ಎಂದು ಮೇಸ್ತ್ರಿಗೆ ಹೇಳಿ ಜೊತೆಗೆ ಹಾಕಿಕೊಂಡಳು.

ಎರಡನೆಯ ಪರೀಕ್ಷೆ ನಡೆಯುವ ದಿನ ಕದಿರಯ್ಯನಿಗೆ ಊರಲ್ಲಿ ಇರಲಾಗಲಿಲ್ಲ. ಮೊಪೆಡ್ ಹತ್ತಿ ರಾಯಚರ್ಲಿಗೆ ಹೋದ. ಬೇಲಿಯ ಆಚೆ ಮಗಳು ತಲೆಗೆ ಟವೆಲ್ ಕಟ್ಟಿಕೊಂಡು ಪೈಪು ಹಿಡಿದಿದ್ದಳು.

“ರಾ ಅಣ್ಣಾ, ಎಂಡಲೋ ಯಾಕ್ ನಿಂತ್ಕಂಡೆ? ನೀರ್ ಕುಡಿ,” ಎಂದು ಮುನಿಯಮ್ಮ ಪಾವಗಡದ ಕಡೆಯ ತೆಲುಗು ಬೆರೆಸಿ ಬಿಸಿಲಿನಿಂದ ಈಚೆ ಕರೆದು ಬಾಟಲಿ ಕೊಟ್ಟಳು. ಅವನು ಕುಡಿಯಲಿಲ್ಲ.

“ಯಶೀ, ಲೋಹಿತಾ ಮೇಡಮ್ಮು ಮುಂದಿನ್ ವರ್ಸಕ್ಕೆ ತಾವೇ ಓದುಸ್ತೀನಿ ಅಂದ್ರು ಕಣವ್ವ. ಬಾ, ಹೋಗನ.”

ಹುಡುಗಿ ಗಾಜು ಒರೆಸುತ್ತಲೇ ಕೇಳಿದಳು. “ಅಪ್ಪಾ, ಆ ‘ಳನ್ನು’ ಕಂಬದ್ ಮ್ಯಾಲೆ ಬರೀಬೋದಾಗಿತ್ತಲ್ಲ?”

“ಕಂಬದ್ ಮ್ಯಾಲೆ ಬರುದ್ರೆ ಅಂದ ಕೆಡ್ತದೆ ಕಣವ್ವ.”

“ಅಂದ ಕೆಡ್ತದೆ ಅಂತ ಅವ್ರು ನನ್ನ ಬುಟ್ರು. ಅಂದ ಕೆಡ್ತದೆ ಅಂತ ನೀನು ಅಕ್ಸರ ಬುಟ್ಟೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕದಿರಯ್ಯ ಹೇಗೋ ಜೀರ್ಣಿಸಿಕೊಳ್ಳುತ್ತಿದ್ದ. ಮೇಸ್ತ್ರಿ ಅತ್ತಲಿಂದ ಕೂಗಿದ. ಅವಳು ಪೈಪು ಎಳೆದುಕೊಂಡು ಮುಂದಿನ ಗಾಜಿಗೆ ಹೋದಳು.

“ಮುಂದಿನ್ ವರ್ಸ ಕಟ್ತೀಯೇನವ್ವ?” ಎಂದು ಕದಿರಯ್ಯ ಬೇಲಿ ಹಿಡಿದು ಕೂಗಿದ.

ನೀರಿನ ಸದ್ದಿಗೆ ಕೇಳಿಸಿತೋ ಇಲ್ಲವೋ. ಸಾಲು ಮುಗಿದ ಮೇಲೆ ತಿರುಗಿ ನೋಡುತ್ತಾಳೆಂದು ಅವನು ಅಲ್ಲೇ ನಿಂತ. ಆ ಸಾಲು, ನನ್ನ ಮಾತು ನಂಬಿ, ಅನಂತಪುರದವರೆಗೂ ಇದೆ.