ಎಡಗೈಯ ಮಾತು

ಆ ಮುದುಕಿ ನನ್ನ ಅವ್ವನ ಕಡೆ ನೋಡುತ್ತ, ತನ್ನ ಕಣ್ಣಿನ ಕೆಳರೆಪ್ಪೆಯನ್ನು ತೋರುಬೆರಳಿನಿಂದ ಕೆಳಕ್ಕೆ ಎಳೆದಳು. ಒಳಗಿನ ಕೆಂಪು ಕಾಣಿಸಿತು. ನನಗೆ ಮೈ ಜುಂ ಎಂದಿತು.

ಹುಬ್ಬಳ್ಳಿಯಿಂದ ಅಮೆರಿಕಕ್ಕೆ ಬಂದ ಮೂರನೆಯ ವಾರಕ್ಕೇ ಅವ್ವ ನಮ್ಮ ಅಪಾರ್ಟ್‌ಮೆಂಟಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆದ ಮೇಲೆ ನಡೆಯುವುದನ್ನು ಮತ್ತೆ ಕಲಿಸಲು ಅವಳನ್ನು ಸ್ಯಾನ್ ಹೊಸೆಯ ಒಂದು ರಿಹ್ಯಾಬಿಗೆ ಕಳಿಸಿದರು. ಎರಡು ಮಂಚದ ಕೋಣೆ. ಕಿಟಕಿಯ ಪಕ್ಕದ ಮಂಚದಲ್ಲಿ ಈ ಮುದುಕಿ. ಇಟಲಿಯವಳು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ನಿಂತಿತ್ತು. ಉಳಿದದ್ದು ಎಡಗೈ ಒಂದೇ. ಅದು ಮಾತ್ರ ಸುಮ್ಮನಿರುತ್ತಿರಲಿಲ್ಲ.

"ನೋಡವಾ, ಕಣ್ಣ ಕೀಳ್ತೀನಿ ಅಂತಾಳ ಆಕಿ," ಎಂದಳು ಅವ್ವ ಪಿಸುದನಿಯಲ್ಲಿ. "ನಾ ಎದ್ದು ಕುಂಡರಾಕ ಹೋದ್ರ ಸಾಕು, ಹಿಂಗ ಮಾಡ್ತಾಳ."

"ಏನಿಲ್ಲವ್ವಾ, ಪಾಪ, ವಯಸ್ಸಾಗೇತಿ," ಎಂದೆ. ಹೆದರಿಕೆ ನನಗೇ ಹೆಚ್ಚಾಗಿತ್ತು. ಊಟದ ತಟ್ಟೆ ಬೇಗ ತೆಗೆದುಕೊಂಡು ಹೋದ ಹುಡುಗಿಯನ್ನು ದಿಟ್ಟಿಸುತ್ತ ಮುದುಕಿ ತನ್ನ ಬೆರಳನ್ನೇ ಮಡಿಸಿ ಕಚ್ಚಿಕೊಂಡದ್ದನ್ನು ನೋಡಿದ್ದೆ. ಡಾಕ್ಟರು ಅವ್ವನ ಕಾಲು ನೋಡುವಾಗ ತೋರುಬೆರಳು, ಕಿರುಬೆರಳು ಎರಡನ್ನೇ ಕೊಂಬಿನಂತೆ ನೆಲದ ಕಡೆ ಚಾಚಿದ್ದಳು. ಅದೂ ಎಡಗೈ. ನಾನು ಸಾಂಟಾ ಕ್ಲಾರಾದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು, ಮಾಟ-ಮಂತ್ರ ನಂಬುವವಳಲ್ಲ. ಆದರೂ ಅವ್ವನನ್ನು ಅವಳ ಪಕ್ಕ ಬಿಟ್ಟು ಮನೆಗೆ ಹೊರಟಾಗ ಫ್ರೀವೇ ಉದ್ದಕ್ಕೂ ಆ ಕೈಯೇ ಕಣ್ಣೆದುರು. ಕೋಣೆ ಬದಲಿಸಿ ಎಂದು ರಿಹ್ಯಾಬಿನ ಆಫೀಸಿನಲ್ಲಿ ಕೇಳಿದೆ. ನಾಲ್ಕೈದು ದಿನ ಕಾಯಬೇಕು ಎಂದರು.

ಭಾನುವಾರ ಮುದುಕಿಯ ಮಗಳು ಬಂದಳು, ಐವತ್ತು ದಾಟಿದ ಹೆಂಗಸು. ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ, ತಡವರಿಸುತ್ತ ಎಲ್ಲ ಹೇಳಿದೆ. ಅವಳು ನಗಲಿಲ್ಲ.

"ಕಣ್ಣು ಎಳೆದು ತೋರಿಸಿದರೆ 'ಹುಷಾರು' ಅಂತ. ನಿಮ್ಮ ತಾಯಿ ಒಬ್ಬರೇ ಎದ್ದು ಬೀಳ್ತಾರೇನೋ ಅಂತ ನಮ್ಮಮ್ಮನಿಗೆ ಭಯ. ಆ ಎರಡು ಬೆರಳು ಕೆಳಗೆ ತೋರಿಸೋದು, ಕೆಟ್ಟದ್ದು ಹತ್ತಿರ ಬರದಿರಲಿ ಅಂತ." ಬೆರಳು ಕಚ್ಚುವುದು ಸಿಟ್ಟಿಗೆ. ಐದೂ ಬೆರಳ ತುದಿ ಮೇಲ್ಮುಖವಾಗಿ ಕೂಡಿಸಿ ಅಲ್ಲಾಡಿಸಿದರೆ 'ಇದೇನು ಮಾಡ್ತಿದೀಯ?' ಎಂದು. ಅದನ್ನು ನಾನು ಹಸಿವು ಎಂದುಕೊಂಡು ಎರಡು ಸಲ ಬಿಸ್ಕತ್ತು ಕೊಟ್ಟಿದ್ದೆ.

ಅವ್ವನಿಗೆ ಹೇಳಿದೆ. ಅವಳು ಕಿಟಕಿಯ ಕಡೆಯ ಮಂಚದತ್ತ ತಲೆ ತಿರುಗಿಸಿ ನೋಡಿ, "ಹಂಗಾರ ಆಕಿ ನನ್ನ ಕಾಯಾಕತ್ತಿದ್ಲೇನ?" ಎಂದಳು. ಕೋಣೆ ಬದಲಿಸುವುದು ಬೇಡ ಎಂದು ಹೇಳಿ ಬಂದೆ.

ಮಂಗಳವಾರ ಮಧ್ಯಾಹ್ನ ಹೋದಾಗ ಅವ್ವ ಮಲಗಿದ್ದಳು. "ನೋವಿಗೆ ಔಷಧಿ ಕೊಟ್ಟಿದ್ದೀವಿ, ಒಳ್ಳೇ ನಿದ್ದೆ," ಎಂದು ನರ್ಸ್ ಹೊರಗೆ ಹೋದಳು. ಅಂತೂ ನಿದ್ದೆ ಬಂತಲ್ಲ ಎಂದು ಸಮಾಧಾನದಿಂದ ಎರಡು ಮಂಚಗಳ ನಡುವಿನ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ.

ಟಕ್ ಟಕ್ ಸದ್ದಾಯಿತು. ಮುದುಕಿ ಉಂಗುರದಿಂದ ಮಂಚದ ಕಂಬಿ ಬಡಿಯುತ್ತಿದ್ದಳು. ಅವ್ವನ ಕಡೆ ಬೆರಳು ತೋರಿಸಿದಳು. ಆಮೇಲೆ ಎರಡು ಬೆರಳೆತ್ತಿ ಗಾಳಿಯಲ್ಲಿ ಶಿಲುಬೆ ಬರೆದಳು. ಪಾದ್ರಿಗಳು ಹರಸುವ ಹಾಗೆ. ಅವ್ವನಿಗೆ ಒಳ್ಳೆಯದಾಗಲಿ ಎನ್ನುತ್ತಿದ್ದಾಳೆ ಎಂದುಕೊಂಡು ಮುಗುಳ್ನಕ್ಕು ಕೈ ಮುಗಿದೆ. ಅವಳ ಮುಖ ಕಿವುಚಿಕೊಂಡಿತು. ಮತ್ತೆ ಅದೇ ಶಿಲುಬೆ. ಬೆರಳನ್ನು ಬಿಳಿಚುವಷ್ಟು ಗಟ್ಟಿಯಾಗಿ ಕಚ್ಚಿದಳು. ಕೊನೆಗೆ ಐದೂ ಬೆರಳು ಕೂಡಿಸಿ ನನ್ನ ಮುಖದ ಮುಂದೆಯೇ ಅಲ್ಲಾಡಿಸಿದಳು. ಏನು ಮಾಡ್ತಿದೀಯ? ಏನು ಮಾಡ್ತಿದೀಯ?

ಎದ್ದು ಅವ್ವನ ಹತ್ತಿರ ಬಗ್ಗಿದೆ. ತುಟಿಗೆ ನೇರಳೆ ಬಣ್ಣ ಬಂದಿತ್ತು. ಒಂದು ಉಸಿರು ಬಂತು. ಇನ್ನೊಂದಕ್ಕೆ ಕಾದೆ. ಬರಲಿಲ್ಲ. "ಅವ್ವಾ!" ಎಂದು ಭುಜ ಹಿಡಿದು ಅಲುಗಿಸಿದೆ. ತಲೆ ಒಂದು ಕಡೆಗೆ ವಾಲಿತು. ನಾನು ಕಿರುಚಿದ್ದು ಯಾವ ಭಾಷೆಯಲ್ಲೋ ನನಗೆ ಗೊತ್ತಿಲ್ಲ.

ನರ್ಸ್‌ಗಳು ಓಡಿ ಬಂದರು. ನನ್ನನ್ನು ಹಿಂದಕ್ಕೆ ತಳ್ಳಿದರು. ಅವ್ವನ ಮೂಗಿಗೆ ಏನೋ ಸಿಂಪಡಿಸಿದರು, ಕಾದರು, ಇನ್ನೊಮ್ಮೆ ಸಿಂಪಡಿಸಿದರು. ಹಿಂದಿನಿಂದ ಯಾರೋ ಜಾಕೆಟ್ಟಿನ ಅಂಚು ಹಿಡಿದು ಜಗ್ಗಿದಂತಾಯಿತು. ಅದೇ ಎಡಗೈ. ಅವ್ವ ಗೊರ್ ಎಂದು ಉಸಿರೆಳೆದು ಕಣ್ಣು ತೆರೆಯುವವರೆಗೂ ಅದು ಹಿಡಿತ ಬಿಡಲಿಲ್ಲ.

"ಯಾಕ ಒದರಾಕತ್ತೀ? ಮಂದಿ ಏನಂದಾರು," ಎಂದಳು ಅವ್ವ.

ಆಂಬ್ಯುಲೆನ್ಸಿನಲ್ಲಿ ಆಸ್ಪತ್ರೆಗೆ ಹೋದೆವು. ಅವಳ ಕಿಡ್ನಿಗೆ ಆ ನೋವಿನ ಔಷಧಿಯ ಪ್ರಮಾಣ ಹೆಚ್ಚಾಗಿತ್ತಂತೆ, ಮೂಗಿಗೆ ಸಿಂಪಡಿಸಿದ್ದು ಅದನ್ನು ಇಳಿಸುವ ಮದ್ದಂತೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತಂತೆ. ಮೂರನೆಯ ದಿನ ಮನೆಗೆ ಕರೆತಂದೆವು. ಮುದುಕಿಯ ಮಗಳಿಗೆ ಫೋನ್ ಮಾಡಿ ಆ ಶಿಲುಬೆಯ ಬಗ್ಗೆ ಕೇಳಿದೆ. "ಸತ್ತುಹೋದರು ಅಂತ," ಎಂದಳು. "ಸತ್ತವರನ್ನ ಪಾದ್ರಿ ಕೊನೆಗೆ ಹರಸ್ತಾರಲ್ಲ, ಆ ಕೈ." ನಾನು ಅದಕ್ಕೆ ಕೈ ಮುಗಿದಿದ್ದೆ.

ವಾಕರ್ ಹಿಡಿದು ನಡೆಯುವಷ್ಟಾದ ಮೇಲೆ ಅವ್ವ ಹಟ ಮಾಡಿ ಆ ಮುದುಕಿಯನ್ನು ನೋಡಲು ರಿಹ್ಯಾಬಿಗೆ ಬಂದಳು. ಮಂಚದ ಪಕ್ಕ ಕೂತು, ಅವಳ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಹುಬ್ಬಳ್ಳಿ ಕನ್ನಡದಲ್ಲಿ ಮಾತಾಡಿದಳು. ಮುದುಕಿ ಕೈ ಬಿಡಿಸಿಕೊಳ್ಳದೆ ಕೇಳಿದಳು.

ಅವ್ವ ಈಗ ಚೆನ್ನಾಗಿದ್ದಾಳೆ. ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಮಧ್ಯಾಹ್ನ ಅವಳು ಸೋಫಾದ ಮೇಲೆ ಮಲಗಿದರೆ, ಮನೆಯಿಂದಲೇ ಮಾಡುವ ಆನ್‌ಲೈನ್ ಮೀಟಿಂಗಿನ ನಡುವೆ ಎದ್ದು ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬರುತ್ತೇನೆ. ಮೊನ್ನೆ ಅವಳಿಗೆ ಎಚ್ಚರವಾಯಿತು.

"ಇನ್ನೂ ಅದೀನಿ," ಎಂದಳು ಕಣ್ಣು ತೆರೆಯದೆ. "ಹೋಗು, ಕೆಲಸ ನೋಡ್ಕೊ."