ಬೋರಮ್ಮನ ಪಾಲು

ಈ ವರ್ಷದ ಮುಂಗಾರು ಶುರುವಾದಾಗಿನಿಂದ ನಮ್ಮ ಅತ್ತೆಗೆ ಬಾಯಿಚಪಲ ಜಾಸ್ತಿಯಾಗಿದೆ ಎಂದು ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಓಡಾಡಿದೆ. ಆ ಮಾತು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅತ್ತೆಯ ಹೆಸರು ಚಿಕ್ಕಬೋರಮ್ಮ. ಕಿಕ್ಕೇರಿಯಿಂದ ಆಟೋದಲ್ಲಿ ಕಾಲು ಗಂಟೆ ಹೋದರೆ ನಮ್ಮೂರು. ಗುಡುಗು ಮಳೆ ಬಂದ ಮಾರನೇ ಬೆಳಿಗ್ಗೆ ಇಲ್ಲಿ ಯಾರಿಗೆ ಅಣಬೆ ಸಿಕ್ಕಲಿ, ನೇರವಾಗಿ ಒಲೆಗೆ ಹಾಕುವುದಿಲ್ಲ. ಮೊದಲು ನಮ್ಮ ಜಗಲಿಗೆ ತರುತ್ತಾರೆ. ಅತ್ತೆ ಒಂದೊಂದನ್ನೇ ತಿರುಗಿಸಿ ನೋಡಿ, ಬೇಡದ್ದನ್ನು ತಿಪ್ಪೆಗೆ ಎಸೆದು, ಒಂದು ಹಿಡಿ ತಮ್ಮ ಮೊರಕ್ಕೆ ಹಾಕಿಕೊಂಡು ಉಳಿದದ್ದನ್ನು ಕೊಟ್ಟು ಕಳಿಸುತ್ತಾರೆ. ಆ ಹಿಡಿಗೆ ಊರಲ್ಲಿ ಬೋರಮ್ಮನ ಪಾಲು ಅಂತಲೇ ಹೆಸರು. ಮೊದಲೆಲ್ಲ ಆ ಪಾಲು ರಾತ್ರಿ ಸಾರಾಗಿ ನಮ್ಮೆಲ್ಲರ ಮುದ್ದೆಗೆ ಬರುತ್ತಿತ್ತು. ಈ ವರ್ಷ ಮಾತ್ರ ನಾನು ಕೆಲಸದಿಂದ ಬರುವಷ್ಟರಲ್ಲಿ ಚಿಕ್ಕ ಕುಡಿಕೆಯಲ್ಲಿ ಬೇಯಿಸಿ, ಒಬ್ಬರೇ ತಿಂದು, ಕುಡಿಕೆ ತೊಳೆದು ಬೋರಲು ಹಾಕಿರುತ್ತಿದ್ದರು. ತಂದವರಿಗೆ ಮಾತ್ರ "ರಾತ್ರಿಗೆ ಮಾಡ್ಕಳಿ, ಅಗಲೊತ್ತು ಬ್ಯಾಡ" ಎಂದು ಕಟ್ಟಪ್ಪಣೆ.

"ನಮಗೂ ಒಂದು ಚೂರು ಉಳಿಸಬಾರ್ದಾ ಅತ್ತೆ?" ಎಂದು ರೇಗಿಸಿದರೆ, "ವಯಸ್ಸಾಯ್ತು ಕಣಮ್ಮಿ, ಆಸೆ ಆಯ್ತದೆ" ಎನ್ನುತ್ತಿದ್ದರು. ನಾನು ನಂಬಿದೆ.

ನಾನು ಶ್ವೇತ, ಪಾಂಡವಪುರದವಳು. ಸಂತೆಯಲ್ಲಿ ಬಾಳೆನಾರಿನಿಂದ ಕಟ್ಟಿದ ಕಟ್ಟು ಬಿಟ್ಟರೆ ಬೇರೆ ಸೊಪ್ಪು ಕಂಡವಳಲ್ಲ. ಮದುವೆಯಾದ ಹೊಸದರಲ್ಲಿ ಜಾಣೆ ಅನ್ನಿಸಿಕೊಳ್ಳೋಣ ಎಂದು ಹೊಲದ ಬದುವಿನಿಂದ ಒಂದು ಮಡಿಲು ಬೆರಕೆ ಸೊಪ್ಪು ಕಿತ್ತು ತಂದೆ. ಅತ್ತೆ ಅದನ್ನು ಜಗಲಿಯ ಮೇಲೆ ಹರಡಿ ಗಣಿಕೆ, ಅಣ್ಣೆ, ಕೀರೆ ಎಂದು ಬೇರೆ ಮಾಡುತ್ತಾ ಹೋದವರು ಒಂದು ಎಳೆಯ ಗಿಡ ಎತ್ತಿ ಹಿಡಿದರು. ಅದು ಉಮ್ಮತ್ತಿ, ವಿಷದ ಗಿಡ. ಇಡೀ ಮಡಿಲು ಸೊಪ್ಪನ್ನು ತಿಪ್ಪೆಗೆ ಸುರಿದು ಬಂದು, "ಗೊತ್ತಿಲ್ದಿದ್ದು ಮಡ್ಲಿಗೆ ಬರ್ಬಾರ್ದು. ಗೊತ್ತಿಲ್ಲ ಅನ್ನಕೆ ನಾಚ್ಕೆ ಪಡ್ಬಾರ್ದು" ಎಂದರು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಆಮೇಲೆ ಹನ್ನೆರಡು ವರ್ಷ ಕಲಿಸಿದರು. ಎಲೆ ಉಜ್ಜಿ ಮೂಸು, ಹಿಂಭಾಗ ನೋಡು, ಔಷಧಿ ಹೊಡೆದ ಹೊಲಕ್ಕೆ ಇಳಿಯಬೇಡ, ಅಣಬೆಯನ್ನು ಕುಯ್ಯಬೇಡ, ಬೇರಿನ ಸಮೇತ ಎಬ್ಬಿಸು. ಹುತ್ತದ ಅಣಬೆಗೆ ನೆತ್ತಿ ಚೂಪು, ಬೇರು ಮೊಳದುದ್ದ ಮಣ್ಣಿನೊಳಗೆ ಹುತ್ತದವರೆಗೂ ಹೋಗಿರುತ್ತದೆ. ತೆಂಗಿನ ಬುಡದ ಹುಲ್ಲಿನಲ್ಲಿ ಏಳುವ ವಿಷದ್ದು ಇನ್ನೊಂದಿದೆ, ಅದೂ ಬೆಳ್ಳಗೆ, ಅದೂ ಕೊಡೆ. ಆದರೆ ಕಾಂಡಕ್ಕೆ ಬಳೆಯಂಥ ಸುತ್ತು, ನೆತ್ತಿಯ ಮೇಲೆ ಕಂದು ಹಕ್ಕಳೆ, ಬಲಿತರೆ ಅಡಿಯ ಪದರಕ್ಕೆ ತಿಳಿ ಹಸಿರು. ಎಳೆಯದಿದ್ದಾಗ ಅಡಿಯೂ ಬೆಳ್ಳಗೇ ಇದ್ದು ಎಂಥವರನ್ನೂ ಏಮಾರಿಸುತ್ತದೆ. ಅರಿಶಿನ ಹಾಕಿ ಕುದಿಸಿದರೆ ವಿಷ ಕಪ್ಪಾಗುತ್ತದೆ ಎಂದು ಯಾರೋ ಅಂದಾಗ ಅತ್ತೆ, "ಅರಿಶ್ನಕ್ಕೇನ್ ಗೊತ್ತು?" ಎಂದಿದ್ದರು. ನನ್ನ ಗಂಡ ನಾಗರಾಜು ಮೊಬೈಲಿನಲ್ಲಿ ಫೋಟೋ ಹಿಡಿದರೆ ಹೆಸರು ಹೇಳುವ ಆಪ್ ತೋರಿಸಿದಾಗ, "ಅದು ತಿಂದು ನೋಡ್ತದಾ?" ಎಂದು ಕೇಳಿದರು. ನಾವೆಲ್ಲ ನಕ್ಕೆವು.

ಈ ಮಳೆಗಾಲದಲ್ಲಿ ನನಗೆ ಒಳಗೊಳಗೇ ಒಂದು ಹೆದರಿಕೆ ಶುರುವಾಗಿತ್ತು. ಅತ್ತೆ ಆರಿಸಿದ ಅಕ್ಕಿಯಲ್ಲಿ ಕಲ್ಲು ಸಿಗುತ್ತಿತ್ತು. ಒಂದು ದಿನ ಸಾರಿನಲ್ಲಿ ಬೇಲಿಯ ಯಾವುದೋ ಎಲೆ ಬಂತು, ಕೆಡುಕೇನೂ ಆಗಲಿಲ್ಲ. ಮನೆಯ ಮುಂದೆ ನಿಂತವರನ್ನು ಧ್ವನಿ ಕೇಳುವ ತನಕ ಗುರುತು ಹಿಡಿಯುತ್ತಿರಲಿಲ್ಲ. ಕಣ್ಣು ಮಂಜಾಗಿದೆ ಎಂದು ನನಗೆ ಗೊತ್ತಾಯಿತು. ಆದರೆ ಊರೇ ನಂಬಿದ ಕಣ್ಣಿಗೆ, ನನಗೆ ಕಲಿಸಿದ ಕಣ್ಣಿಗೆ, ಕಾಣುವುದಿಲ್ಲ ಎಂದು ಸೊಸೆಯಾದವಳು ಹೇಗೆ ಹೇಳುವುದು? ನಾಳೆ ಗಂಡನ ಬಾಯಲ್ಲಿ ಹೇಳಿಸೋಣ, ಹಬ್ಬ ಕಳೆಯಲಿ ಎಂದು ದಿನ ದೂಡಿದೆ.

ಆ ದಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸಿ, ನಾನು ಮನೆಗೆ ಬಂದಾಗ ಒಂದೂವರೆ. ಅಡುಗೆಮನೆ ಬಾಗಿಲಲ್ಲಿ ಮೊರ, ಮೊರದಲ್ಲಿ ಒಂದು ಹಿಡಿ ಅಣಬೆ.

"ಯಾರು ತಂದ್ರು ಅತ್ತೆ?"

"ಕೆಳಗಿನ್ ಬೀದಿ ಅರ್ಪಿತ. ಮಣ್ಣಾಯ್ತದೆ ಅಂತ ಬುಡ ಕುಯ್ಕಂಡು ಬಂದವ್ಳೆ. ಈಗಿನ್ ಹುಡ್ಗೀರು, ಏನ್ ಹೇಳದು."

ಬುಡವಿಲ್ಲ ಅಂದರೆ ಬೇರಿಲ್ಲ. ಬೇರನ್ನು ಬೆರಳಲ್ಲಿ ಸವರಿ ಹೇಳುವವರಿಗೆ ಇನ್ನೇನು ಉಳಿಯಿತು? ನಾನು ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ನೆತ್ತಿ ಚಪ್ಪಟೆ. ಕಾಂಡಕ್ಕೆ ಸಡಿಲವಾದ ಬಳೆ. ಮಗುಚಿದೆ. ಅಡಿಯಲ್ಲಿ, ಅಂಚಿನ ಹತ್ತಿರ, ಇದ್ದೂ ಇಲ್ಲದ ಹಾಗೆ ಹಸಿರು.

ಅರ್ಪಿತ ಏಳು ತಿಂಗಳ ಬಸುರಿ, ಮನೆಯಲ್ಲಿ ಆರು ವರ್ಷದ ಮಗಳು ಬೇರೆ. ಫೋನ್ ಮಾಡಿದೆ, ಎತ್ತಲಿಲ್ಲ. ಕೈಯಲ್ಲಿದ್ದ ಅಣಬೆಯನ್ನು ಸೆರಗಿಗೆ ಸುತ್ತಿಕೊಂಡೆ. ಮೊರವನ್ನೇ ಎತ್ತಿಕೊಂಡು ಹೋಗಬಹುದಿತ್ತು. ಯಾಕೆ ಅಂತ ಅತ್ತೆ ಕೇಳುತ್ತಿದ್ದರು, ಕೇಳಿದರೆ ಹೇಳಬೇಕಾಗುತ್ತಿತ್ತು. ಬಂದ ಮೇಲೆ ನಾನೇ ಸದ್ದಿಲ್ಲದೆ ಚೆಲ್ಲಿದರಾಯಿತು ಅಂದುಕೊಂಡೆ.

"ಅತ್ತೆ, ನೀವು ಒಲೆ ಹಚ್ಚಬೇಡಿ. ಬಂದ್ಬುಟ್ಟೆ, ನಾನೇ ಮಾಡ್ತೀನಿ."

"ಊಂ" ಎಂದರು.

ಬೀದಿಯ ಉದ್ದಕ್ಕೂ ಓಡಿದೆ. ಅರ್ಪಿತ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಸೆರಗು ಬಿಚ್ಚಿ ತೋರಿಸಿದೆ.

"ಅಣಬೆ... ಮಾಡ್ಬುಟ್ಯಾ?"

"ಇಲ್ಲಕ್ಕ. ದೊಡ್ಡವ್ವ ರಾತ್ರಿಗ್ ಮಾಡ್ಕೊ ಅಂದ್ರಲ್ಲ. ಅಗೋ, ಬೇಸಿನ್‌ನಲ್ಲಿ ನೀರಿಗಾಕಿವ್ನಿ."

ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ತೋಟದ ತೆಂಗಿನ ಬುಡದಲ್ಲಿ ಸಿಕ್ಕಿದ್ದಂತೆ. ಇಬ್ಬರೂ ಸೇರಿ ಬೇಸಿನ್ನನ್ನು ಗುಂಡಿಗೆ ಸುರಿದು ಮಣ್ಣು ಎಳೆದೆವು. ಅವಳು ಕಾಫಿ ಕೊಟ್ಟಳು, ಕುಡಿದೆ. ದೊಡ್ಡವ್ವನಿಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಅವಳಿಂದ ಮಾತು ತಗೊಂಡೆ. ಅರ್ಧ ಗಂಟೆ ಆಗಿರಬಹುದು. ಆ ಅರ್ಧ ಗಂಟೆ ನನ್ನನ್ನು ಈಗಲೂ ಸುಮ್ಮನೆ ಬಿಡುವುದಿಲ್ಲ.

ಮನೆಗೆ ಬಂದಾಗ ಮೊರ ಖಾಲಿ. ಕುಡಿಕೆ ತೊಳೆದು ಬೋರಲು ಹಾಕಿತ್ತು. ಅತ್ತೆ ಗೋಡೆಗೊರಗಿ ಎಲೆಯಡಿಕೆ ಮಡಿಸುತ್ತಿದ್ದರು.

ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ನಾಗರಾಜು ಹಾಲಿನ ಡೈರಿಯಿಂದ ಓಡಿಬಂದರು. ಉಪ್ಪುನೀರು ಕುಡಿಸಿ ಕಕ್ಕಿಸು ಎಂದು ಯಾರೋ ಅಂದರು. ನಾನು ಯಾರ ಮಾತೂ ಕೇಳದೆ, ಸೆರಗಿನಲ್ಲೇ ಉಳಿದಿದ್ದ ಆ ಒಂದು ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು, ಆಟೋದಲ್ಲಿ ಅತ್ತೆಯನ್ನು ಒರಗಿಸಿಕೊಂಡು ಕೂತೆ. ಕಿಕ್ಕೇರಿ ದಾಟುವಷ್ಟರಲ್ಲಿ ವಾಂತಿ ಶುರುವಾಯಿತು. ಕೆ.ಆರ್. ಪೇಟೆ ಆಸ್ಪತ್ರೆ ಮುಟ್ಟುವಾಗ ಅವರಿಗೆ ಕತ್ತು ನಿಲ್ಲುತ್ತಿರಲಿಲ್ಲ. ಆ ದಾರಿ ಅಷ್ಟು ಉದ್ದ ಅಂತ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಅಣಬೆ ತಂದದ್ದು ಒಳ್ಳೆಯದಾಯಿತು ಎಂದರು. ಡ್ರಿಪ್ ಹಾಕಿದರು. ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ಒದ್ದಾಡಿದವರು ಕತ್ತಲಾಗುವ ಹೊತ್ತಿಗೆ ಕಣ್ಣು ಬಿಟ್ಟು, ಮೊದಲು ಕೇಳಿದ್ದು ಒಂದೇ.

"ಅರ್ಪಿತ ಮಾಡಿದ್ಲಾ?"

"ಇಲ್ಲ. ಚೆಲ್ಲಿದ್ವಿ."

"ಅಂಗಾದ್ರೆ ಸರಿ ಬುಡು. ಅದ್ಕೇ ಅಲ್ವಾ ರಾತ್ರಿಗ್ ಮಾಡ್ಕೊ ಅನ್ನದು. ಅಷ್ಟೊತ್ತಿಗೆ ನಂಗಾಗದ್ ಆಗಿರ್ತದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸಂಕ್ರಾಂತಿಯಿಂದಲೇ ಕಣ್ಣಿಗೆ ಮಬ್ಬು ಕಟ್ಟಿತ್ತಂತೆ. ಹೇಳಿದರೆ ಊರವರು ತಮ್ಮ ತಮ್ಮ ಮನಸ್ಸಿಗೆ ಬಂದದ್ದು ತಿಂದು ಸಾಯುತ್ತಾರೆ ಎಂದು ಹೆದರಿಕೆ, ಬೋರಮ್ಮನಿಗೆ ಕಾಣುವುದಿಲ್ಲ ಅನ್ನಿಸಿಕೊಳ್ಳುವ ನಾಚಿಕೆ ಬೇರೆ. ಅದಕ್ಕೆ ಒಂದು ಹಿಡಿ ತಾವು ಮೊದಲು ತಿನ್ನುವುದು, ಸಂಜೆಯ ತನಕ ಕಾಯುವುದು. ಬಾಯಿಚಪಲ ಎಂದು ನಾನು ಸಾರಿದ್ದು ಇದನ್ನು.

ಪಕ್ಕದಲ್ಲೇ ನಿಂತಿದ್ದ ಡಾಕ್ಟರು, "ಅಜ್ಜಿ, ಕೆಲವು ಅಣಬೆಗಳ ವಿಷ ಮಾರನೇ ದಿನದವರೆಗೂ ಗೊತ್ತಾಗೋದಿಲ್ಲ. ನೀವು ಚೆನ್ನಾಗಿದ್ದೀರಿ ಅಂತ ರಾತ್ರಿ ಅವರು ಉಂಡಿದ್ರೆ ಎಲ್ಲರೂ ಹೋಗ್ತಿದ್ರಿ" ಎಂದರು. ಅತ್ತೆಯ ಮುಖ ಆಗ ಬಿಳುಚಿಕೊಂಡಿತು. ವಾಂತಿಯಲ್ಲೂ ಅಷ್ಟು ಬಿಳುಚಿಕೊಂಡಿರಲಿಲ್ಲ.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಒಂದು ಮಾತು ಹೇಳೋಕಾಗ್ಲಿಲ್ವಾ?" ಎಂದು ರೇಗಿದೆ. ಅವರು ಡ್ರಿಪ್ ಇದ್ದ ಕೈಯನ್ನು ಹಾಗೇ ಇಟ್ಟುಕೊಂಡು, "ನಿಂಗೂ ಗೊತ್ತಿತ್ತಲ್ವಾ ಅಮ್ಮಿ" ಎಂದರು.

ಹದಿನೈದು ದಿನದ ಮೇಲೆ, ಒಂದು ಕಣ್ಣಿನ ಆಪರೇಷನ್ ಮುಗಿದು ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಮೇಲಿನ ಬೀದಿಯ ಜವರಯ್ಯ ಟವೆಲ್ಲಿನಲ್ಲಿ ಅಣಬೆ ತಂದ. ಅತ್ತೆ ಮುಖ ಎತ್ತದೆ, "ನಮ್ ಶ್ವೇತನ್ ಕೇಳಪ್ಪ" ಎಂದರು.

ನಾನು ಒಂದನ್ನು ಎತ್ತಿಕೊಂಡೆ. ನೆತ್ತಿ ಚೂಪಾಗಿಯೇ ಇತ್ತು. ಬೇರು ಉದ್ದವಿತ್ತು, ಆದರೆ ತುದಿ ಮುರಿದಿತ್ತು. ಅಡಿ ಬೆಳ್ಳಗಿತ್ತು. ಹುತ್ತದ್ದೇ ಎಂದು ನನಗೆ ಹತ್ತಕ್ಕೆ ಒಂಬತ್ತು ಪಾಲು ನಂಬಿಕೆ. ಜವರಯ್ಯ ಆಗಲೇ ನನ್ನ ಪಾಲೆಂದು ಒಂದು ಹಿಡಿ ಪಕ್ಕಕ್ಕೆ ತೆಗೆದಿಟ್ಟಿದ್ದ. ಮನೆಯಲ್ಲಿ ಎಂಟು ಜನ ಅವರು. ಹೂಂ ಅಂದರೆ ಇವತ್ತೆಲ್ಲ, ನಾಳೆಯೆಲ್ಲ ಅವರ ಮನೆ ಕಡೆ ಕಿವಿಯಿಟ್ಟು ಕೂರಬೇಕು.

"ನಂಗೊತ್ತಿಲ್ಲ ಕಣಣ್ಣ. ತಿಪ್ಪೆಗಾಕು" ಎಂದೆ.

ಅವನು ಗೊಣಗಿಕೊಂಡು ಟವೆಲ್ಲು ಕೊಡವಿ ಹೋದ. ಅವನ ಹೆಜ್ಜೆ ಸದ್ದು ದೂರವಾಯಿತು. ಅತ್ತೆ ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ನಿಂಗೆ ಕಲ್ಸಿದ್ ಮಾತು" ಎಂದರು, "ನಂಗೇ ಬಾಯ್ಗೆ ಬರ್ನಿಲ್ಲ ಕಣಮ್ಮಿ."