ತೈಮಿ ಅಳಿಸಲೊಪ್ಪದ ಸಾಲುಗಳು

ತೈಮಿ ಮೊಯಿಲಾನೆನ್ ಎದುರಾಡಲೆಂದೇ ಹುಟ್ಟಿದವಳು ಎಂದು ಉತ್ತರದ ಚಳಿನಾಡಿನ ಔಲು ಊರಿನ ಆ ಸಣ್ಣ ತಂತ್ರಾಂಶ ಕಂಪನಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವವರಿಗೇನು! ಹಿಂದೆ ಅವಳಿದ್ದ ಫೋನ್ ಕಾರ್ಖಾನೆ ಮುಚ್ಚಿದಾಗ ಗಂಡಸರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ನಡೆದರು. ತೈಮಿ ಮಾತ್ರ ಮ್ಯಾನೇಜರನ ಕೋಣೆಗೆ ನುಗ್ಗಿ ಕಾರಣ ಕೇಳಿದಳು. ಲ್ಯಾಪ್‌ಲ್ಯಾಂಡಿಗೆ ಹೋಗಿ ನೆಲಸೋಣ ಎಂದ ಗಂಡನಿಗೆ "ನೀನು ಹೋಗು" ಎಂದಳು. ಅವನು ಹೋದ, ಅವಳು ಉಳಿದಳು.

ಈಗ ಅರವತ್ತರ ಹತ್ತಿರದಲ್ಲಿ ಅವಳ ಕೈಯಲ್ಲಿದ್ದದ್ದು ಅವಳೇ ಬರೆದ ಒಂದು ಡಿಸ್ಕ್ ಡ್ರೈವರ್. ಕಂಪ್ಯೂಟರಿನ ಕರ್ನಲ್ ಎಂಬ ತಿರುಳಿನೊಳಗೆ ಕೂತು ಡಿಸ್ಕುಗಳ ಜೊತೆ ವ್ಯವಹರಿಸುವ ತಂತ್ರಾಂಶ ಅದು. ಕೆಲಸ ಸಾಕು, ಇಳಿದು ಹೋಗು ಎಂದರೆ ತಟ್ಟನೆ ಎದ್ದು ಹೋಗುವ ಪೈಕಿಯಲ್ಲ. ಮೊದಲು ಹೊಸ ಕೆಲಸ ಹಿಡಿಯುವುದನ್ನು ನಿಲ್ಲಿಸುತ್ತಿತ್ತು. ಕೈಯಲ್ಲಿದ್ದ ಬರವಣಿಗೆಯೆಲ್ಲ ಡಿಸ್ಕಿಗೆ ಇಳಿಯುವ ತನಕ ಕಾಯುತ್ತಿತ್ತು. ಒಂದೊಂದೇ ಡಿಸ್ಕನ್ನು ಕ್ಷೇಮವಾಗಿ ಕಳಿಸಿಕೊಟ್ಟು ಕೊನೆಗೆ ತಾನು ಹೊರಡುತ್ತಿತ್ತು. ಹೀಗೆ ಕಾಯಿಸುವ ಕೋಡಿನ ಸಾಲುಗಳೇ ಕಂಪನಿಯ ಯಜಮಾನ ರೌನೊಗೆ ಕಣ್ಣುಕಿಸುರಾಗಿದ್ದವು. ಊರೂರಿನ ಆಸ್ಪತ್ರೆ, ಶಾಲೆಗಳಿಗೆ ಡಿಸ್ಕ್ ಪೆಟ್ಟಿಗೆ ಮಾರುವ ಯೋರ್ಮಾ ಎಂಬ ಗಿರಾಕಿ, ಕಾಯಲು ಯಾರಿಗೆ ಪುರುಸೊತ್ತಿದೆ ಎಂದು ಗೊಣಗಿದ್ದ.

ಅಲ್ಲಿ ಮುಖ್ಯವಾದದ್ದೆಲ್ಲ ತೀರ್ಮಾನವಾಗುವುದು ಕಚೇರಿಯ ಮೇಲಿನ ಮಹಡಿಯ ಸೌನಾ ಎಂಬ ಬೆವರುಕೋಣೆಯ ಬಿಸಿ ಹಬೆಯಲ್ಲಿ. ಶುಕ್ರವಾರ ಸಂಜೆ ಮೊದಲು ಹೆಂಗಸರ ಸರದಿ, ಆಮೇಲೆ ಗಂಡಸರದು. ಹೆಂಗಸರೆಂದರೆ ತೈಮಿ ಒಬ್ಬಳೇ. ಅವಳು ಒಬ್ಬಳೇ ಬೆವರಿ, ಕೂದಲು ಒರೆಸಿಕೊಂಡು, ಹೊರಗಿನ ಕೋಣೆಯಲ್ಲಿ ಸಾಸೇಜು ತಿನ್ನುತ್ತ ಕೂರಬೇಕು; ಒಳಗೆ ಗಂಡಸರು ಅವಳ ಕೆಲಸದ ಬಗ್ಗೆ ತೀರ್ಪು ಕೊಡಬೇಕು. ಎಂಥ ನ್ಯಾಯ! ಸೌನಾದಲ್ಲಿ ಆದ ಮಾತನ್ನು ಕಚೇರಿಯಲ್ಲಿ ಮತ್ತೆ ಎತ್ತುವ ಹಾಗೂ ಇಲ್ಲ.

ಆ ಶುಕ್ರವಾರ ರೌನೊ ಮತ್ತು ಯೋರ್ಮಾ ಟವೆಲು ಸುತ್ತಿಕೊಂಡು, ಬೆಂದ ಏಡಿಯ ಬಣ್ಣಕ್ಕೆ ತಿರುಗಿ ಹೊರಬಂದರು.

"ಮುಗೀತು ಕಣೇ ತೈಮಿ," ಎಂದ ರೌನೊ. "ಕಾಯೋ ಸಾಲುಗಳು ಬೇಡ. ಸೋಮವಾರ ನೀನೇ ಅಳಿಸು, ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ."

"ಅಳಿಸಲ್ಲ."

"ಆ ಸಾಲು ಅಳಿಸಿದ ಡ್ರೈವರ್ ಆಗ್ಲೇ ಆ ಯಂತ್ರದಲ್ಲಿದೆ. ಯೋರ್ಮಾಗೆ ತೋರಿಸೋಣ ಅಂತ ನಾನೇ ಹಾಕಿದೀನಿ. ಜುಮ್ಮಂತ ಓಡ್ತಿದೆ," ಎಂದು ಅವನು ಮೂಲೆಯ ಕಂಪ್ಯೂಟರಿನತ್ತ ಕೈ ತೋರಿಸಿದ.

"ಖಾಲಿ ಡಿಸ್ಕಲ್ಲಿ ತಾನೆ? ನಿನ್ನ ಹಲ್ಲಾನ ಹಾಕು ನೋಡೋಣ."

ಹಲ್ಲಾ ಎಂದರೆ ಹಿಂದಿನ ಚಳಿಗಾಲದಲ್ಲಿ ಸತ್ತ ರೌನೊನ ಬೇಟೆನಾಯಿ. ಅದು ಕಾಡಿನಲ್ಲಿ ಬೊಗಳಿದ್ದನ್ನೆಲ್ಲ ಅವನು ಒಂದು ಡಿಸ್ಕಿನಲ್ಲಿ ತುಂಬಿಟ್ಟುಕೊಂಡು, ಯೋರ್ಮಾಗೆ ಕೇಳಿಸಲೆಂದು ಅವತ್ತು ಕೋಟಿನ ಜೇಬಿನಲ್ಲಿ ತಂದಿದ್ದ.

"ಹಾಕಯ್ಯ, ಹೆದರಿಕೆ ಏನು?" ಎಂದು ಯೋರ್ಮಾ ನಕ್ಕ.

ಟವೆಲು ಸುತ್ತಿಕೊಂಡ ಗಂಡಸು ಅತಿಥಿಯ ಮುಂದೆ ಹೆದರಿಕೆ ಒಪ್ಪಿಕೊಳ್ಳುತ್ತಾನೆಯೇ? ರೌನೊ ಕೋಟಿನ ಜೇಬಿನಿಂದ ಡಿಸ್ಕನ್ನು ತೆಗೆದು ಯಂತ್ರಕ್ಕೆ ಸಿಕ್ಕಿಸಿದ. ತೈಮಿ ಅದರೊಳಕ್ಕೆ ಏನೋ ಬರೆಯಲು ಯಂತ್ರವನ್ನು ಹಚ್ಚಿದಳು. ಬರೆಯುತ್ತಿರುವಾಗಲೇ ರೌನೊ ಗುಂಡಿ ಒತ್ತಿ ಡ್ರೈವರನ್ನು ಇಳಿಸಿದ. ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಯಿತು. ಯಂತ್ರವನ್ನು ಮತ್ತೆ ಶುರುಮಾಡಿದರು. ಹಲ್ಲಾ ಕೋಣೆ ತುಂಬ ಬೊಗಳಿತು. ಯೋರ್ಮಾ ಚಪ್ಪಾಳೆ ಹೊಡೆದ.

"ನೋಡಿದ್ಯಾ? ಏನೂ ಆಗ್ಲಿಲ್ಲ," ಎಂದ ರೌನೊ.

ಬರವಣಿಗೆ ಅರ್ಧಕ್ಕೆ ಕಡಿದರೂ ಡಿಸ್ಕು ಪ್ರತಿ ಸಲ ಕೆಡುವುದಿಲ್ಲ, ಎಷ್ಟೋ ಸಲ ಬದುಕಿ ಯಾವುದೋ ಒಂದು ಸಲ ಸಾಯುತ್ತದೆ ಎಂಬುದು ತೈಮಿಗೆ ಗೊತ್ತು, ರೌನೊಗೂ ಗೊತ್ತು. ಆದರೆ ಚಪ್ಪಾಳೆಯ ಮುಂದೆ ವಿವರಣೆಗೆ ಬೆಲೆ ಎಲ್ಲಿ?

"ಇನ್ನೊಂದ್ಸಲ ಒತ್ತು," ಎಂದಳು.

ಅವನ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು.

"ಒತ್ತೋ! ಏನೂ ಆಗಲ್ಲ ಅಂದ್ಯಲ್ಲ. ಎರಡನೇ ಸಲಕ್ಕೇ ಬೆವರ್ತೀಯಲ್ಲೋ!"

"ಇದು ಸೌನಾ ಬೆವರು ಕಣೇ."

"ಹಂಗಾದ್ರೆ ಒತ್ತು."

ರೌನೊ ಒತ್ತಲಿಲ್ಲ. ಮೊದಲು ಬೊಗಳುವುದನ್ನು ನಿಲ್ಲಿಸಿದ. ಡಿಸ್ಕಿನ ದೀಪ ಮಿನುಗುವುದು ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡುತ್ತ ಕೂತ. ಆಮೇಲೆ ಅದನ್ನು ಮೆಲ್ಲಗೆ ಹೊರತೆಗೆದು ಎದೆಗೊತ್ತಿಕೊಂಡ.

"ಅದ್ರ ದನಿ ಇನ್ನೆಲ್ಲೂ ಇಲ್ಲ ಕಣೇ," ಎಂದ.

"ಈಗ ಕಾದ್ಯಲ್ಲ, ಅದೇ ಕಣೋ ನನ್ನ ಸಾಲುಗಳು," ಎಂದಳು ತೈಮಿ. "ಅಳಿಸ್ಬೇಕಾ, ಹೇಳು."

ರೌನೊ ಡಿಸ್ಕನ್ನು ಕೋಟಿನ ಜೇಬಿಗೆ ಜೋಪಾನವಾಗಿ ಸೇರಿಸಿದ.

"ಆ ಸಾಲುಗಳು ಇರ್ಲಿ ಬಿಡಮ್ಮ," ಎಂದವನು ಯೋರ್ಮಾ.